ಕಾಗದ ಬರ್ಲಿ, ಹೋಗೂಣು

ಕಾಕಾ ಅವರ ಬಲಗಾಲಿನ ಪ್ಯಾಂಟಿನ ಅಂಚಿಗೆ ಯಾವಾಗಲೂ ಒಂದು ನೀಲಿ ರಬ್ಬರ್ ಬ್ಯಾಂಡ್ ಇರುತ್ತಿತ್ತು. ಇಂಡಿಯನ್ ಸ್ಟೋರಿನಲ್ಲಿ ಕೊತ್ತಂಬರಿ ಕಟ್ಟಿಗೆ ಹಾಕಿರುತ್ತಾರಲ್ಲ, ಅದೇ. ಸೈಕಲ್ಲಿನ ಚೈನಿಗೆ ಪ್ಯಾಂಟು ಸಿಕ್ಕಬಾರದೆಂದು ಹಾಕಿಕೊಳ್ಳುತ್ತಿದ್ದರು, ಇಳಿದ ಮೇಲೆ ತೆಗೆಯಲು ಮರೆಯುತ್ತಿದ್ದರು. ಹಾಗಾಗಿ ಆಫೀಸಿನ ಮೀಟಿಂಗಿಗೂ, ಯಾರದೋ ಮನೆಯ ಸತ್ಯನಾರಾಯಣ ಪೂಜೆಗೂ, ಸೀಮಂತಕ್ಕೂ ಅದು ಅವರ ಜೊತೆ ಹೋಗಿ ಬರುತ್ತಿತ್ತು. ಅವರ ಹೆಂಡತಿ ಕಂಡ ಕಂಡಲ್ಲಿ ಬಗ್ಗಿ ಅದನ್ನು ಎಳೆದು ತೆಗೆಯುತ್ತಿದ್ದರು. "ನೋಡ್ರಿ, ಇವರ ಕಾಲು ಕೊತಂಬ್ರಿ ಸೂಡು ಆಗೇತಿ" ಎಂದು ಎಲ್ಲರ ಮುಂದೆ ನಗುತ್ತಿದ್ದರು. ಕಾಕಾ ಆ ಬ್ಯಾಂಡನ್ನು ಹೆಂಡತಿಯ ಕೈಯಿಂದ ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು, ಕಳೆದುಹೋದರೆ ಕಷ್ಟ ಎನ್ನುವಂತೆ.

ನಾವು ಡಲ್ಲಾಸಿನ ಪಕ್ಕದ ಕಾಪೆಲ್‌ನ ಆ ಅಪಾರ್ಟ್‌ಮೆಂಟಿಗೆ ಬಂದಾಗ ಅವರು ನಮ್ಮ ಮೇಲಿನ ಮನೆಯಲ್ಲಿದ್ದರು. ಅವರು ಧಾರವಾಡದ ಕಡೆಯವರು, ನಾನು ಮೈಸೂರಿನವಳು. ಸುತ್ತ ಇದ್ದ ಹಿರಿಯರೆಲ್ಲ ಅಂಕಲ್, ಆಂಟಿ. ಇವರನ್ನೂ ಹಾಗೇ ಕರೆದೆ. ಮುಖ ಕಿವುಚಿದರು.

"ಅಂಕಲ್ ಅನಬ್ಯಾಡ ತಂಗಿ. ಈ ಊರಾಗ ಏರ್‌ಪೋರ್ಟಿನಿಂದ ಹಿಡಿದು ಕೆರಿ ತನಕಾ ಎಲ್ಲಾರೂ ಅಂಕಲ್ಲೇ. ಕಾಕಾ ಅನ್ನು."

ಅಂದಿನಿಂದ ಅವರು ಕಾಕಾ, ಅವರ ಹೆಂಡತಿ ಕಾಕು. ಒಬ್ಬಳೇ ಮಗಳು ಆಸ್ಟಿನ್‌ನಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಅಪ್ಪ ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಮುದ್ದು ಮಾಡುವ ಹುಡುಗಿ.

ಅವರಿಗೆ ಸೈಕಲ್ ಅಂಟಿಕೊಂಡದ್ದು ಹೇಗೆ ಎಂಬುದನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾಕಾ ನಮ್ಮೆಲ್ಲರ ಹಾಗೆ ವರ್ಕ್ ವೀಸಾದ ಮೇಲಿದ್ದ ಸಾಫ್ಟ್‌ವೇರ್ ನೌಕರ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು, ಆ ಸಾಲು ಮುಂದೆ ಹೋಗುವುದಿರಲಿ, ಆಗಾಗ ಹಿಂದಕ್ಕೇ ಬರುವುದನ್ನು ನೋಡುತ್ತ ತಲೆ ಬೆಳ್ಳಗೆ ಮಾಡಿಕೊಂಡವರು. ನಮ್ಮ ವೀಸಾ ಪ್ರತಿ ಸಲ ಮುಗಿಯುವ ಮುಂಚೆ ಕಂಪನಿ ಎಕ್ಸ್‌ಟೆನ್ಶನ್‌ಗೆ ಅರ್ಜಿ ಹಾಕುತ್ತದೆ. ಅರ್ಜಿ ತಲುಪಿದೆ ಎಂದು ಒಂದು ರಸೀದಿ ಬರುತ್ತದೆ. ಮಂಜೂರಾತಿ ಬರುವ ತನಕ ಆ ರಸೀದಿಯೇ ಗತಿ. ಅದನ್ನಿಟ್ಟುಕೊಂಡು ತಿಂಗಳುಗಟ್ಟಲೆ ಕೆಲಸ ಮಾಡಬಹುದು, ಬಾಡಿಗೆ ಕಟ್ಟಬಹುದು, ತೆರಿಗೆಯನ್ನಂತೂ ಕಟ್ಟಲೇಬೇಕು. ಆದರೆ ಟೆಕ್ಸಾಸಿನಲ್ಲಿ ನಮ್ಮಂಥವರ ಡ್ರೈವಿಂಗ್ ಲೈಸೆನ್ಸೂ ವೀಸಾದ ತಾರೀಖಿಗೇ ಮುಗಿದುಬಿಡುತ್ತದೆ. ರಸೀದಿ ತೋರಿಸಿ ಅದನ್ನು ಮುಂದುವರಿಸಿಕೊಂಡವರೂ ಇದ್ದರು, ಆಗದೆ ವಾಪಸ್ ಬಂದವರೂ ಇದ್ದರು. ಕಾಕಾ ವಾಪಸ್ ಬಂದವರು. ಗಂಡ ಹೆಂಡತಿ ಇಬ್ಬರ ಲೈಸೆನ್ಸೂ ಒಂದೇ ದಿನ ಸತ್ತಿತು, ಕಾರು ಮರದ ಕೆಳಗೆ ಧೂಳು ತಿನ್ನುತ್ತ ನಿಂತಿತು.

ಆಗ ಕಾಕಾ ಒಂದು ಹಳೆಯ ಸೈಕಲ್ ಕೊಂಡು ತಂದರು. ನಮ್ಮ ಕಡೆ ರಸ್ತೆಯಲ್ಲಿ ನಡೆಯುವವರೇ ಇಲ್ಲ, ಸೈಕಲ್ಲಿನಲ್ಲಿ ಆಫೀಸಿಗೆ ಹೋಗುವವರು ಎಲ್ಲಿಂದ ಬರಬೇಕು? ಒಮ್ಮೆ ಪೊಲೀಸಿನವನು ಪಕ್ಕದಲ್ಲಿ ಕಾರು ನಿಲ್ಲಿಸಿ, ಏನಾದರೂ ತೊಂದರೆಯಾಗಿದೆಯೇ, ಸಹಾಯ ಬೇಕೇ ಎಂದು ಕೇಳಿದನಂತೆ. ಕಾಕಾ ಅದನ್ನು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದರು.

"ಸೈಕಲ್ಲಿಗೆ ಲೈಸನ್ಸ್ ಕೇಳಂಗಿಲ್ಲ ತಂಗಿ. ಅಮೆರಿಕಾದಾಗ ನನ್ನ ಹತ್ರ ಮುಗಿಯೋ ತಾರೀಖು ಇಲ್ಲದ ವಸ್ತು ಅಂದ್ರ ಇದೊಂದೇ."

ಆಮೇಲೆ ಮಂಜೂರಾತಿ ಬಂತು, ಲೈಸೆನ್ಸೂ ಬಂತು. ಅಷ್ಟರಲ್ಲಿ ಸೈಕಲ್ಲಿನ ವಿಷಯದಲ್ಲಿ ಕಾಕಾ ಕೈಮೀರಿ ಹೋಗಿದ್ದರು. ದಪ್ಪ ಟೈರಿನ ಮೌಂಟನ್ ಬೈಕ್ ಬಂತು. ಅದನ್ನು ಅವರು 'ಗುಡ್ಡದ ಸೈಕಲ್' ಎನ್ನುತ್ತಿದ್ದರು. ಶನಿವಾರ ಬೆಳಗಾದರೆ ಸಾಕು, ಊರ ಪಕ್ಕದ ಕೆರೆಯ ದಂಡೆಯ ಕಾಡಿನಲ್ಲಿ ಸೈಕಲ್ಲಿಗಾಗಿಯೇ ಮಾಡಿದ ಕಾಲುದಾರಿಗಳಲ್ಲಿ ಮಾಯವಾಗುತ್ತಿದ್ದರು. ಮೈತುಂಬ ತರಚಿಕೊಂಡು, ಮುಖದ ತುಂಬ ನಗು ಹೊತ್ತು ಬರುತ್ತಿದ್ದರು. ಐವತ್ತು ದಾಟಿದವರಿಗೆ ಇದೇನು ಹುಚ್ಚು ಎಂದು ಇಡೀ ಅಪಾರ್ಟ್‌ಮೆಂಟು ಆಡಿಕೊಂಡಿತು. ನಾನೂ ಆಡಿಕೊಂಡವಳೇ. "ಡಲ್ಲಾಸಿನಲ್ಲಿ ಗುಡ್ಡ ಎಲ್ಲಿದೆ ಕಾಕಾ?" ಎಂದು ರೇಗಿಸಿದರೆ, "ಅದೇ ನೋಡು ತೊಂದ್ರಿ" ಎಂದು ನಿಜಕ್ಕೂ ಚಿಂತೆಗೆ ಬೀಳುತ್ತಿದ್ದರು.

ನನಗೆ ಸೈಕಲ್ ಕಲಿಸಿದ್ದು ಅವರೇ. ಆ ವರ್ಷ ನನ್ನ ಕೆಲಸ ಹೋಗಿ, ಮನೆಯಲ್ಲಿ ಕೂತು, ಯಾರ ಮುಖವೂ ಬೇಡವೆನಿಸಿತ್ತು. ಕಾಕಾ ಒಂದು ದಿನ ಕಾಕುವಿಗೆಂದು ಕೊಂಡು, ಕಾಕು ಮುಟ್ಟದೆ ಬಿಟ್ಟಿದ್ದ ಸೈಕಲ್ಲನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಿದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. "ಹತ್ತು" ಎಂದರು. ನಾನು ಬೀಳುತ್ತಿದ್ದೆ, ಪ್ರತಿಸಲವೂ ಯಾವ ಕಲ್ಲನ್ನು ತಪ್ಪಿಸಬೇಕೆಂದು ನೋಡುತ್ತಿದ್ದೆನೋ ಅದೇ ಕಲ್ಲಿಗೆ ಹೋಗಿ ಗುದ್ದುತ್ತಿದ್ದೆ.

"ಕಲ್ಲು ನೋಡಬ್ಯಾಡ ಯವ್ವಾ, ಹೋಗೋ ದಾರಿ ನೋಡು. ನೀ ಎತ್ತಾಗ ನೋಡ್ತಿ, ಸೈಕಲ್ ಅತ್ತಾಗೇ ಹೋಗ್ತೈತಿ."

ಕೆಲಸ ಹೋದವಳಿಗೆ ಅದಕ್ಕಿಂತ ದೊಡ್ಡ ಮಾತು ಬೇಕಿರಲಿಲ್ಲ. ನಾನು ದಾರಿ ನೋಡುವುದನ್ನು ಕಲಿತೆ, ಬೀಳುವುದು ಕಡಿಮೆಯಾಯಿತು, ಬೇರೆ ಕೆಲಸವೂ ಸಿಕ್ಕಿತು. ಆದರೆ ಆ ಮಾತು ಹೇಳಿದವರ ಪಾಲಿಗೆ ಅದು ನಿಜವಾಗಲಿಲ್ಲ. ಅವರು ಎಷ್ಟೋ ವರ್ಷ ಒಂದೇ ಕಡೆ ನೋಡಿದರು, ಅತ್ತ ಒಂದು ಗೇಣೂ ಹೋಗಲಿಲ್ಲ.

ಅವರು ನೋಡುತ್ತಿದ್ದದ್ದು ಪಶ್ಚಿಮಕ್ಕೆ. ಟೆಕ್ಸಾಸಿನ ಆ ತುದಿಯಲ್ಲಿ, ಮೆಕ್ಸಿಕೋ ಗಡಿಯ ನದಿಯ ಪಕ್ಕದಲ್ಲಿ, ಮರುಭೂಮಿ ಇದೆ. ಅಲ್ಲಿ ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಗುಡ್ಡದ ಸೈಕಲ್ಲಿನವರ ಒಂದು ಹಬ್ಬ. ಶುಕ್ರವಾರದಿಂದ ಭಾನುವಾರದವರೆಗೆ ನೂರಾರು ಜನ ಬಂದು ಡೇರೆ ಹಾಕಿ, ಹಗಲೆಲ್ಲ ಕಲ್ಲುಗುಡ್ಡ ಸುತ್ತಿ, ಸಂಜೆ ಬೆಂಕಿಯ ಸುತ್ತ ಕೂತು ತಮ್ಮ ತಮ್ಮ ಗಾಯ ತೋರಿಸಿಕೊಳ್ಳುತ್ತಾರೆ. ಕೆರೆಯ ದಾರಿಯಲ್ಲಿ ಸಿಕ್ಕ ಯಾರೋ ಹೇಳಿದ್ದು ಕಾಕಾ ಅವರ ತಲೆಗೆ ಹೊಕ್ಕು ಕೂತುಬಿಟ್ಟಿತು. ಆ ದಾರಿಗಳ ವೀಡಿಯೋ ನೋಡಿ ನೋಡಿ ಯಾವ ತಿರುವಿನಲ್ಲಿ ಯಾವ ಬಂಡೆ ಇದೆ ಎಂದು ಹೇಳುತ್ತಿದ್ದರು. ಕಳ್ಳಿಯ ಮುಳ್ಳು ಚುಚ್ಚಿದರೂ ಗಾಳಿ ಹೋಗದಂತೆ ಟೈರಿನೊಳಗೆ ಹಾಲಿನಂಥ ಅಂಟು ತುಂಬಿಸಿದ್ದರು. ನಮ್ಮ ಕೆರೆಯ ದಂಡೆಯಲ್ಲಿ ಕಳ್ಳಿ ಹುಡುಕಿದರೂ ಸಿಗದು. ಪ್ರತಿ ಚಳಿಗಾಲಕ್ಕೂ ಹಳೆಯ ಅಂಟು ಒಣಗಿ, ಹೊಸದು ತುಂಬುವುದು ನಡೆದೇ ಇತ್ತು.

"ಅಲ್ಲಿ ಏನಿದೆ ಕಾಕಾ, ಅಷ್ಟೊಂದು?" ಎಂದು ಕೇಳಿದ್ದೆ.

"ಏನೂ ಇಲ್ಲ ತಂಗಿ. ಅದಕ್ಕೇ. ಹುಟ್ಟಿದ್ದು ಬಯಲು, ಬಂದಿದ್ದು ಬಯಲು. ಒಂದು ಗುಡ್ಡ ಏರಿ ನಿಂತು ನೋಡಬೇಕು, ಯಾರೂ ನನ್ನ ಏನೂ ಕೇಳಬಾರದು. ಹೆಸರು, ತಾರೀಖು, ನಂಬರು, ಯಾವುದೂ. ಒಂದೇ ಸಲ ಸಾಕು."

ಮೊದಲ ವರ್ಷ ಅದನ್ನು ಹಾಳು ಮಾಡಿದವರು ನಮ್ಮ ಜನವೇ. ಸಂಕ್ರಾಂತಿಗೆ ಪಕ್ಕದೂರು ಫ್ಲವರ್ ಮೌಂಡ್‌ನ ಒಬ್ಬರ ಮನೆಯಲ್ಲಿ ಎಲ್ಲರೂ ಒಂದೊಂದು ಅಡುಗೆ ತಂದು ಸೇರಿದ್ದೆವು. ಕಾಕಾ, ಕಾಕು, ನಾನು, ನನ್ನ ಗಂಡ ಮರುಭೂಮಿಗೆ ಹೋಗುವುದೆಂದು ಆಗಿತ್ತು. ಕಾಕಾ ಖುಷಿ ತಡೆಯಲಾರದೆ ತಟ್ಟೆ ಹಿಡಿದುಕೊಂಡೇ ಬಾಯಿಬಿಟ್ಟರು. ನಮ್ಮವರ ನಡುವೆ ಟ್ರಿಪ್ಪಿನ ಮಾತು ತೆಗೆಯಬಾರದು, ತೆಗೆದ ಮೇಲೆ ಅದು ನಿಮ್ಮದಾಗಿ ಉಳಿಯುವುದಿಲ್ಲ. ಪಾಯಸ ಬಡಿಸುವಷ್ಟರಲ್ಲಿ ಮತ್ತೆ ಮೂರು ಮನೆಯವರು ಸೇರಿಕೊಂಡು ವಾಟ್ಸಾಪ್ ಗ್ರೂಪ್ ಆಗಿಹೋಗಿತ್ತು. ಮಾರನೇ ದಿನದಿಂದ ಪ್ರಶ್ನೆಗಳು.

"ಅಲ್ಲಿ ವೆಜ್ ಏನಾದ್ರೂ ಸಿಗತ್ತಾ?"

"ರೈಸ್ ಕುಕ್ಕರ್ ತಗೊಂಡು ಹೋದ್ರೆ ಟೆಂಟಲ್ಲಿ ಪ್ಲಗ್ ಪಾಯಿಂಟ್ ಇರತ್ತಾ ಅಂಕಲ್?"

"ಸೈಕಲ್ ಹೊಡೆಯೋಕೆ ಇಡೀ ದಿನ ಡ್ರೈವಾ? ಮಕ್ಕಳಿಗೆ ಬೋರ್ ಆಗತ್ತೆ."

ಕೊನೆಗೆ ಒಬ್ಬ ಗೃಹಿಣಿ ಬಹಳ ಅಕ್ಕರೆಯಿಂದಲೇ ಒಂದು ದಾರಿ ತೋರಿಸಿದರು. "ಅಷ್ಟು ದೂರ ಹೋಗೋ ಬದ್ಲು ಹ್ಯೂಸ್ಟನ್‌ಗೆ ಹೋಗಿ ದೇವಸ್ಥಾನ ನೋಡ್ಕೊಂಡು, ಬರ್ತಾ ಆಸ್ಟಿನ್‌ನಲ್ಲಿ ನಿಮ್ ಮಗಳನ್ನೂ ಮಾತಾಡಿಸ್ಕೊಂಡು ಬರಬಹುದಲ್ವಾ ಅಂಕಲ್? ಎಲ್ಲರಿಗೂ ಆಗತ್ತೆ."

ಹ್ಯೂಸ್ಟನ್ ಇರುವುದು ಮರುಭೂಮಿಗೆ ತದ್ವಿರುದ್ಧ ದಿಕ್ಕಿನಲ್ಲಿ. ಕಾಕಾ ಆ ಮೆಸೇಜನ್ನು ಬಹಳ ಹೊತ್ತು ನೋಡಿ, "ಆಗ್ಲಿ ಬಿಡ್ರಿ" ಎಂದು ಬರೆದರು. ನನಗೆ ಮೈ ಉರಿಯಿತು. ಒಂದು ಸಲ ಆಗುವುದಿಲ್ಲ ಎನ್ನಬಾರದೇ? ಸೈಕಲ್ ಹಬ್ಬದ ಶನಿವಾರ ಅವರು ದೇವಸ್ಥಾನದ ಕ್ಯಾಂಟೀನಿನಲ್ಲಿ ಕೂತು ಪುಳಿಯೋಗರೆ ತಿಂದರು. ಕಾಲಿಗೆ ಬ್ಯಾಂಡ್ ಇತ್ತು. ಸೈಕಲ್ ಇರಲಿಲ್ಲ.

"ಟೆಕ್ಸಾಸಿಗೆ ಬಂದು ಇಷ್ಟು ವರ್ಷ ಆತು, ನನಗ ಎರಡೇ ರಸ್ತೆ ಗೊತ್ತು ನೋಡು" ಎಂದಿದ್ದರು ಅಲ್ಲಿ. "ಪಾಸ್‌ಪೋರ್ಟಿಗೆ ಕಾನ್ಸುಲೇಟ್ ಇರೋ ಹ್ಯೂಸ್ಟನ್ ರಸ್ತೆ, ಮಗಳಿಗೆ ಆಸ್ಟಿನ್ ರಸ್ತೆ. ಮೂರನೇದ್ದು ಒಂದು ಐತಿ ಅಂತ ನಕಾಶಿದಾಗ ಕಾಣ್ತೈತಿ."

ಮರುವರ್ಷ ನಾವು ಯಾರಿಗೂ ಹೇಳಲಿಲ್ಲ. ಅಲ್ಲಿನ ಕೋಣೆಗಳೆಲ್ಲ ಮೊದಲೇ ತುಂಬಿದ್ದವು, ಕಾಕಾ ಡೇರೆ ಕೊಂಡರು. ಅದನ್ನು ಅಪಾರ್ಟ್‌ಮೆಂಟಿನ ಹುಲ್ಲಿನ ಮೇಲೆ ಹಾಕಿ, ತೆಗೆದು, ಮತ್ತೆ ಹಾಕಿ ಅಭ್ಯಾಸ ಮಾಡಿದರು. ಕಾಕು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದರು. ಆಗಲೇ ಅವರ ವೀಸಾ ಮತ್ತೆ ಮುಗಿದಿತ್ತು. ಅರ್ಜಿ ಹೋಗಿತ್ತು, ರಸೀದಿ ಬಂದಿತ್ತು, ಲೈಸೆನ್ಸ್ ಸತ್ತಿತ್ತು. ಅದಕ್ಕೇನು, ಕಾರು ನಾವು ಓಡಿಸುವುದೆಂದು ಆಗಿತ್ತು. ಹೊರಡುವ ಮುನ್ನಾದಿನ ಕಾಕಾ ಕೆಳಗಿಳಿದು ಬಂದರು, ಕಂಕುಳಲ್ಲಿ ಕಾಗದಪತ್ರಗಳ ಫೈಲು. ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು.

"ಅಲ್ಲಿಂದ ಬರೋ ರಸ್ತೆಯಾಗ ಬಾರ್ಡರ್ ಚೆಕ್‌ಪೋಸ್ಟ್ ಐತಂತ ತಂಗಿ. ಒಳಗ ಹೋಗಾಕ ಯಾರೂ ತಡಿಯಂಗಿಲ್ಲ. ಹೊರಗ ಬರಾಕ ಕಾಗದ ಕೇಳ್ತಾರ."

"ನಿಮ್ಮ ಹತ್ರ ಕಾಗದ ಇದೆಯಲ್ಲ ಕಾಕಾ. ರಸೀದಿ ಇದೆ."

"ರಸೀದಿ ಐತಿ. ಮಂಜೂರಾತಿ ಇಲ್ಲ."

"ರಸೀದಿ ಇದ್ದರೆ ಇಲ್ಲಿರಬಹುದು ಅಂತ ಕಾನೂನೇ ಹೇಳತ್ತೆ!"

"ಕಾನೂನು ಹೇಳ್ತೈತಿ. ಅಲ್ಲಿ ನಿಂತಾಂವ ಏನ್ ಹೇಳ್ತಾನೋ?"

ಯಾರದೋ ಸ್ನೇಹಿತನ ಸ್ನೇಹಿತನನ್ನು ಅಲ್ಲಿ ಅರ್ಧ ದಿನ ಕೂರಿಸಿದ್ದರೆಂದು ಯಾವುದೋ ಗ್ರೂಪಿನಲ್ಲಿ ಬಂದಿತ್ತು. ಅದು ನಿಜವೋ ಸುಳ್ಳೋ ಯಾರಿಗೂ ಗೊತ್ತಿರಲಿಲ್ಲ. ಕಾಕಾ ಕಂಪನಿಯ ವಕೀಲರನ್ನು ಕೇಳಿದರು. ಅರ್ಜಿ ಬಾಕಿ ಇರುವಾಗ ಅನಗತ್ಯ ಪ್ರಯಾಣ ಮಾಡದಿರುವುದು ಒಳ್ಳೆಯದು ಎಂದು ಉತ್ತರ ಬಂತು. ಅದು ವಕೀಲರು ಎಲ್ಲರಿಗೂ ಹೇಳುವ ಮಾತು, ದೇಶ ಬಿಟ್ಟು ಹೋಗಬೇಡಿ ಎಂಬ ಅರ್ಥದಲ್ಲಿ ಹೇಳುವುದು. ಆದರೆ ನಮ್ಮಂಥ ವೀಸಾದವರಿಗೆ ವಕೀಲರ ಸಲಹೆ ಎಂದರೆ ಕಾನೂನಿಗಿಂತ ದೊಡ್ಡದು. ಮಾಡಬಹುದು ಎಂದಿದ್ದನ್ನೂ ಮಾಡದೆ ಬಿಡುವುದು, ಒಂದು ಹೆಜ್ಜೆ ಹಿಂದೆಯೇ ನಿಲ್ಲುವುದು, ಇದು ನಮಗೆ ಯಾರೂ ಕಲಿಸದೆ ಬಂದ ವಿದ್ಯೆ. ಹೀಗೆ ಬಿಡುತ್ತ ಬಿಡುತ್ತ ಏನೇನು ಬಿಟ್ಟೆವೆಂದು ಲೆಕ್ಕ ಇಟ್ಟವರಿಲ್ಲ.

"ಅನಗತ್ಯ ಪ್ರಯಾಣ ಅಂದ್ರ ಇದೇ ಅಲ್ಲೇನ್ರಿ" ಎಂದರು ಮೆಟ್ಟಿಲ ಮೇಲೆ ನಿಂತಿದ್ದ ಕಾಕು, ಮೆಲ್ಲಗೆ. ಅವರ ಮಾತಿನಲ್ಲಿ ಕೊಂಕು ಇರಲಿಲ್ಲ, ಹೆದರಿಕೆ ಇತ್ತು. ಮಗಳ ಓದು, ಮನೆ, ಬದುಕು ಎಲ್ಲ ಆ ಒಂದು ಅರ್ಜಿಗೆ ನೇತುಬಿದ್ದಿತ್ತು.

ಕಾಕಾ ಫೈಲನ್ನು ಎದೆಗೆ ಒತ್ತಿಕೊಂಡು ನಕ್ಕರು. "ಕಾಗದ ಬರ್ಲಿ, ಹೋಗೂಣು. ಗುಡ್ಡ ಎಲ್ಲೂ ಓಡಿ ಹೋಗಂಗಿಲ್ಲ. ಮುಂದಿನ ವರ್ಷ ನೋಡೂಣು."

ಆ ರೊಟ್ಟಿಗಳನ್ನು ನಾವು ವಾರವಿಡೀ ಡಲ್ಲಾಸಿನಲ್ಲೇ ಕೂತು ತಿಂದೆವು.

ಆಮೇಲೆ ಅದೊಂದು ಪದ್ಧತಿಯೇ ಆಯಿತು. ದೀಪಾವಳಿ ಮುಗಿದರೆ ಪ್ಲಾನು ಶುರು. ಟೈರಿಗೆ ಅಂಟು, ಡೇರೆಗೆ ಬಿಸಿಲು, ಕಾಕುವಿನ ರೊಟ್ಟಿ. ಒಂದು ವರ್ಷ ಮತ್ತೆ ಎಕ್ಸ್‌ಟೆನ್ಶನ್, ಒಂದು ವರ್ಷ ಕಂಪನಿ ಬದಲಾಗಿ ಎಲ್ಲವೂ ಮೊದಲಿನಿಂದ, ಇನ್ನೊಂದು ವರ್ಷ ಎಲ್ಲ ಸರಿಯಿದ್ದಾಗ ಕಾಕಾ ಬಿದ್ದು ಭುಜ ಮುರಿದುಕೊಂಡರು. ಅವರು ಮನೆ ಕೊಳ್ಳಲಿಲ್ಲ, ಕಾಗದ ಬರ್ಲಿ. ತಾಯಿ ತೀರಿಕೊಂಡಾಗ ಊರಿಗೆ ಹೋಗಲಿಲ್ಲ, ಹೋದರೆ ವೀಸಾ ಸ್ಟ್ಯಾಂಪ್ ಸಿಗದೆ ವಾಪಸ್ ಬರಲಾಗದಿದ್ದರೆ? ಕಾಗದ ಬರ್ಲಿ. ತಾಯಿಯ ಹದಿಮೂರನೇ ದಿನ ಅವರು ಕೆರೆಯ ದಂಡೆಯಲ್ಲಿ ಒಬ್ಬರೇ ಸೈಕಲ್ ಹೊಡೆಯುತ್ತಿದ್ದುದನ್ನು ನಾನು ನೋಡಿದೆ. ಮಾತಾಡಿಸಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ನನಗೆ ಗೊತ್ತಾಗಿತ್ತು, ಈ ಕಾಗದ ಬರುವುದಿಲ್ಲ. ಅವರಿಗೂ ಗೊತ್ತಿತ್ತೆಂದೇ ನನ್ನ ಅನುಮಾನ. ಆದರೂ ಪ್ರತಿ ಚಳಿಗಾಲ ಟೈರಿಗೆ ಅಂಟು ತುಂಬುವಾಗ ಅವರ ಮುಖ ನೋಡಿದರೆ, ಈ ಸಲ ಹೋಗುತ್ತೇವೆಂದು ನನಗೂ ಅನ್ನಿಸಿಬಿಡುತ್ತಿತ್ತು.

ಆಮೇಲೆ ವೀಸಾದ ನಿಯಮಗಳು ಬಿಗಿಯಾದ ಆ ಕೆಟ್ಟ ಕಾಲ ಬಂತು. ಕಣ್ಣುಮುಚ್ಚಿ ಮಂಜೂರಾಗುತ್ತಿದ್ದ ಅರ್ಜಿಗಳು ಪ್ರಶ್ನೆ ಹೊತ್ತು ವಾಪಸ್ ಬರತೊಡಗಿದವು. ಎಷ್ಟೋ ವರ್ಷದಿಂದ ಅದೇ ಕುರ್ಚಿಯಲ್ಲಿ ಅದೇ ಕೆಲಸ ಮಾಡುತ್ತಿದ್ದವರಿಗೆ, ನೀವು ಮಾಡುವ ಕೆಲಸ ನಿಜವಾಗಿ ಏನು ಎಂಬ ಪ್ರಶ್ನೆ. ಕಾಕಾ ಅವರಿಗೂ ಬಂತು. ಉತ್ತರ ಕಳಿಸಿದರು. ಆ ವರ್ಷ ಪ್ಲಾನು ಮಾಡಬೇಡಿ ಎಂದು ಕಾಕು ಹೇಳಿದರೂ ಕೇಳದೆ, "ರಸೀದಿ ಇಟ್ಕೊಂಡೇ ಹೋಗೂಣು ತಂಗಿ, ಈ ಸಲ ಆಗಿದ್ದಾಗ್ಲಿ" ಎಂದರು. ಅವರ ಬಾಯಲ್ಲಿ ಆ ಮಾತು ನಾನು ಮೊದಲ ಸಲ ಕೇಳಿದ್ದು. ಖುಷಿಗೆ ನನಗೆ ಕಣ್ಣು ತುಂಬಿತು.

ಹಬ್ಬದ ವಾರವೇ ಅರ್ಜಿ ತಿರಸ್ಕಾರವಾಯಿತು.

ಹಳೆಯ ವೀಸಾದ ತಾರೀಖು ಎಂದೋ ಮುಗಿದಿತ್ತು, ಈಗ ಅರ್ಜಿಯೂ ಇಲ್ಲ. ಇಲ್ಲಿರುವ ಒಂದೊಂದು ದಿನವೂ ತಪ್ಪು, ಬೇಗ ಹೊರಡಿ ಎಂದರು ವಕೀಲರು. ಸೋಮವಾರಕ್ಕೆ ಟಿಕೆಟ್ ಆಯಿತು. ಮೇಲಿನ ಓದಿಗೆ ಸೇರಿದ್ದ ಮಗಳು ಅಪ್ಪನ ವೀಸಾ ಬಿಟ್ಟು ಸ್ಟೂಡೆಂಟ್ ವೀಸಾಕ್ಕೆ ಆಗಲೇ ಬದಲಾಗಿದ್ದಳು. ಅವಳೊಬ್ಬಳು ಉಳಿಯುವುದು, ಇವರಿಬ್ಬರು ಹೋಗುವುದು. ಮರುಭೂಮಿಯಲ್ಲಿರಬೇಕಾಗಿದ್ದ ಆ ಶನಿವಾರ ಅವರ ಮನೆಗೆ ಗುರುತಿಲ್ಲದ ಜನ ಬಂದು ಸೋಫಾ, ಮಂಚ, ಮಿಕ್ಸಿ ಹೊತ್ತುಕೊಂಡು ಹೋದರು. ಕಾಕು ಒಂದು ಗೋಡೆಗೆ ಒರಗಿ ಕೂತು ಎಲ್ಲರಿಗೂ "ಚಹಾ ಕುಡೀತೀರೇನ್ರಿ" ಎಂದು ಕೇಳುತ್ತಿದ್ದರು. ಒಲೆಯ ಮೇಲಿನ ಪಾತ್ರೆಯೂ ಮಾರಾಟವಾಗಿತ್ತು.

ಭಾನುವಾರ ಬೆಳಿಗ್ಗೆ ಕಾಕಾ ನಮ್ಮ ಬಾಗಿಲು ಬಡಿದರು. ಕಾಲಿಗೆ ನೀಲಿ ಬ್ಯಾಂಡ್. "ಕೆರಿಗೆ ಹೋಗಿ ಬರೂಣು ನಡಿ. ಕಡೀ ಸಲ."

ಸೈಕಲ್ಲುಗಳನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೋದೆವು. ಎರಡು ದಿನ ಮಳೆ ಬಂದಿತ್ತು. ದಾರಿಯ ಬಾಯಲ್ಲಿ ಸರಪಳಿ ಎಳೆದು, ಒದ್ದೆ ಇದೆ, ಮುಚ್ಚಿದೆ ಎಂಬ ಫಲಕ ಹಾಕಿದ್ದರು. ಇಲ್ಲಿಯ ಮಣ್ಣು ಅವರ ಊರಿನ ಕಡೆಯ ಎರೆಮಣ್ಣಿನ ಹಾಗೆಯೇ, ಹಸಿಯಿದ್ದಾಗ ಸೈಕಲ್ ಹಾಯಿಸಿದರೆ ದಾರಿ ಕೆಡುತ್ತದೆಂದು ಮುಚ್ಚುತ್ತಾರೆ. ಸುತ್ತ ಒಬ್ಬರೂ ಇರಲಿಲ್ಲ.

"ದಾಟಿ ಹೋಗೋಣ ಕಾಕಾ" ಎಂದೆ. "ಯಾರು ನೋಡ್ತಾರೆ? ನಾಳೆ ನೀವು ಇರೋದೇ ಇಲ್ಲ!"

ಕಾಕಾ ಸರಪಳಿಯ ಈಚೆ ಬಗ್ಗಿ ಬೆರಳಿನಿಂದ ಮಣ್ಣು ಒತ್ತಿ ನೋಡಿದರು. ಬೆರಳು ಇಳಿಯಿತು.

"ಹಸಿ ಐತಿ ತಂಗಿ. ಈಗ ಗಾಲಿ ಹಾಯಿಸಿದ್ರ ಗೆರಿ ಬೀಳ್ತಾವ. ಒಣಗಿದ ಮ್ಯಾಲೆ ಅವು ಕಲ್ಲಾಗಿ ನಿಲ್ತಾವ. ಹಿಂದ ಬರೋರಿಗೆ ತ್ರಾಸ."

"ಬೀಳಲಿ ಬಿಡಿ! ನಿಮ್ಮದು ಅಂತ ಒಂದು ಗೆರೆ ಆದರೂ ಇರಲಿ ಈ ಊರಲ್ಲಿ!"

ನಾನು ಕೂಗಿದೆ. ಅಳುತ್ತಲೂ ಇದ್ದೆ. ಕಾಕಾ ಬೆರಳಿನ ಮಣ್ಣನ್ನು ಹುಲ್ಲಿಗೆ ಒರೆಸಿಕೊಂಡರು. ತಮ್ಮ ಸೈಕಲ್ಲನ್ನು ನನ್ನ ಕೈಗೆ ಕೊಟ್ಟರು. "ಇದನ್ನ ನೀ ಇಟ್ಕೋ. ಟೈರಿಗೆ ಹೊಸಾ ಅಂಟು ಹಾಕೇನಿ, ಮುಳ್ಳಿಗೆ ಅಂಜಬ್ಯಾಡ." ಆಮೇಲೆ ಬಗ್ಗಿ ಕಾಲಿನ ಬ್ಯಾಂಡ್ ತೆಗೆದು ಅದರ ಹ್ಯಾಂಡಲ್ಲಿಗೆ ಹಾಕಿದರು. ಅವರೇ ಅದನ್ನು ನೆನಪಿಟ್ಟು ತೆಗೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹುಬ್ಬಳ್ಳಿಯಲ್ಲಿ ಅಣ್ಣನ ಮನೆಯ ಮಹಡಿಯ ಮೇಲೆ ಅವರು ಸಂಸಾರ ಹೂಡಿದರು. ಆ ವಯಸ್ಸಿನಲ್ಲಿ ಅಲ್ಲಿ ಯಾರೂ ಕೆಲಸ ಕೊಡಲಿಲ್ಲ. ಫೋನಿನಲ್ಲಿ ತಮ್ಮ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಪ್ರತಿ ಸಲ ಮೊದಲ ಪ್ರಶ್ನೆ ಒಂದೇ. "ದಾರಿ ಒಣಗೇತೇನು?" ನಾನು ಕೆರೆಯ ದಾರಿ ತೆರೆದಿದೆಯೇ ಎಂದು ನೋಡಿ ಹೇಳುತ್ತಿದ್ದೆ. ತೆರೆದಿದೆ ಎಂದರೆ "ಹಂಗಾದ್ರ ಹೊಂಡು ಮತ್ತ, ಫೋನ್ ಇಡು" ಎನ್ನುತ್ತಿದ್ದರು. ಒಂದು ದಿನ ಕಾಕು ಫೋನ್ ಮಾಡಿದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಎದೆನೋವು ಎಂದು ಸಹ ಹೇಳಲಿಲ್ಲವಂತೆ. ಹೇಳಿದ್ದರೆ ಆಶ್ಚರ್ಯವಾಗುತ್ತಿತ್ತು.

ಅದರ ಮುಂದಿನ ಚಳಿಗಾಲದಲ್ಲಿ ನಾನು ಹೋದೆ. ಕಾಕಾ ಅವರ ಸೈಕಲ್ಲಿನ ಟೈರಿಗೆ ಹೊಸ ಅಂಟು ತುಂಬಿಸಿ, ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು, ಒಬ್ಬಳೇ. ಆಗ ನನ್ನ ವೀಸಾ ಮುಗಿದು ಅರ್ಜಿ ಬಾಕಿಯಿತ್ತು. ಲೈಸೆನ್ಸ್ ಮಾತ್ರ ಹೇಗೋ ಸಿಕ್ಕಿತ್ತು. ಕೈಯಲ್ಲಿ ಇದ್ದದ್ದು ರಸೀದಿ, ಕಾಕಾ ಎದೆಗೆ ಒತ್ತಿಕೊಂಡು ನಿಂತಿದ್ದರಲ್ಲ, ಅಂಥದ್ದೇ. ನನ್ನ ಗಂಡ ಬೇಡವೆಂದು ಬಹಳ ಹೇಳಿದ. ನಾನು ಕೇಳಲಿಲ್ಲ.

ಮರುಭೂಮಿ ಅವರು ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಅದಕ್ಕೇ ನನಗೆ ಅದನ್ನು ನೋಡಲಾಗಲಿಲ್ಲ. ಯಾವ ತಿರುವಿನಲ್ಲಿ ಯಾವ ಬಂಡೆ ಎಂದು ಅವರ ಬಾಯಿಂದ ಕೇಳಿದ್ದೆನಲ್ಲ, ಅವೆಲ್ಲ ಅಲ್ಲಲ್ಲೇ ಇದ್ದವು. ಗುಡ್ಡದ ತುದಿಗೆ ಸೈಕಲ್ ನೂಕಿಕೊಂಡೇ ಹೋದೆ. ಮೇಲೆ ನಿಂತರೆ ನದಿ, ಆಚೆ ಇನ್ನೊಂದು ದೇಶ, ಮುಗಿಯದ ಆಕಾಶ. ಯಾರೂ ನನ್ನ ಏನೂ ಕೇಳಲಿಲ್ಲ. ಟೈರಿಗೆ ಮುಳ್ಳು ಚುಚ್ಚಿತ್ತು. ಗಾಳಿ ಹೋಗಲಿಲ್ಲ.

ವಾಪಸ್ ಬರುವಾಗ ಚೆಕ್‌ಪೋಸ್ಟ್ ಬಂತು. ತಗಡಿನ ಒಂದು ಮಾಡು, ಒಂದು ನಾಯಿ, ಒಬ್ಬ ಅಧಿಕಾರಿ, ಅಷ್ಟೇ. ತೊಡೆಯ ಮೇಲಿದ್ದ ಫೈಲಿನಿಂದ ಪಾಸ್‌ಪೋರ್ಟ್ ತೆಗೆದು ಕೊಟ್ಟೆ. ಅದರೊಳಗೆ ಮಡಚಿಟ್ಟ ರಸೀದಿ. ಅವನು ಬಿಡಿಸಿ ನೋಡಿ, ಇದ್ದ ಹಾಗೇ ಮಡಚಿ ಕೈಗೆ ಕೊಟ್ಟ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಆಮೇಲೆ ಬಗ್ಗಿ ಹಿಂದಿನ ಸೈಕಲ್ಲಿನ ಕಡೆ ನೋಡಿ, ಸವಾರಿ ಹೇಗಿತ್ತು ಎಂದು ಇಂಗ್ಲಿಷಿನಲ್ಲಿ ಕೇಳಿದ. ಚೆನ್ನಾಗಿತ್ತು ಎಂದೆ. ನಕ್ಕು ಕೈ ಬೀಸಿದ.

"ಮುಂದಿನ ವರ್ಷ ಮತ್ತೆ ಬನ್ನಿ" ಎಂದ.

ಸ್ವಲ್ಪ ದೂರ ಹೋಗಿ ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿದೆ. ಪಕ್ಕದ ಸೀಟಿನ ಮೇಲೆ ಫೈಲಿತ್ತು. ಕನ್ನಡಿಯಲ್ಲಿ ಸೈಕಲ್ಲಿನ ಹ್ಯಾಂಡಲ್ಲು, ಅದಕ್ಕೆ ಹಾಕಿದ ನೀಲಿ ಬ್ಯಾಂಡ್ ಕಾಣುತ್ತಿತ್ತು. ಬಿಸಿಲಿಗೆ ಅದು ಬಿರುಕು ಬಿಟ್ಟಿತ್ತು.

"ಇಷ್ಟೇ ಇತ್ತು ಕಾಕಾ" ಎಂದೆ. "ಇಷ್ಟೇ."